ಶುಂಠಿ ಬೆಲ್ಲದ ಮನೆ

ನದಿಯಾಚೆಯ ಊರಿಗೆ ಜ್ವರದ ಬೇನೆ ಬಂದಿತ್ತು. ರೋಗಿಗಳ ಆರೈಕೆಗೆ ಹೋಗಿ ಬಾ ಎಂದು ಗುರುಗಳು ಶಿಷ್ಯ ಚೆನ್ನವೀರಯ್ಯನಿಗೆ ಹೇಳಿದ್ದರು. ಅವನು ಹೊರಡಲಿಲ್ಲ. ಬಂದು ಕೇಳಿದ:

"ಗುರುಗಳೇ, ನನಗೆ ಭಯವಾಗುತ್ತಿದೆ. ಅದು ಹೋದ ಮೇಲೆ ಹೊರಡುತ್ತೇನೆ. ಭಯ ಹೋಗುವುದು ಯಾವಾಗ?"

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಥೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ತಾಯಿ ಇದ್ದಳು. ಅವಳಿಗೆ ಹಾಲವ್ವ ಎಂಬ ಮಗಳು. ಒಂದು ಬೇಸಿಗೆಯಲ್ಲಿ ಅವರ ಮನೆಗೆ ಬೆಂಕಿ ಬಿತ್ತು. ತಾಯಿ ಮಗಳನ್ನು ಎತ್ತಿಕೊಂಡು ಹೊರಗೆ ಓಡಿದಳು. ಹಾಲವ್ವ ಸಾಕಿದ್ದ ಕರು ಉರಿಯುವ ಕೊಟ್ಟಿಗೆಯಲ್ಲೇ ಉಳಿಯಿತು.

ಊರವರು ಸೇರಿ ಹೊಸ ಮನೆ ಕಟ್ಟಿಕೊಟ್ಟರು. ಆದರೆ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಕಿಡಿ ಕಂಡರೆ ಸಾಕು, ಮಗು ಹೊಲದ ಕಡೆಗೆ ಓಡಿಬಿಡುತ್ತಿತ್ತು. ತಾಯಿ ನೆರೆಮನೆಯಲ್ಲಿ ರೊಟ್ಟಿ ಬಡಿದು ತರುತ್ತಿದ್ದಳು. ಹೊಸ ಒಲೆಯ ಮಣ್ಣು ಹಸಿಬಣ್ಣದಲ್ಲೇ ಇತ್ತು.

ಒಂದು ದಿನ ಹಾಲವ್ವ ಕೇಳಿದಳು: "ಅವ್ವಾ, ನಮ್ಮ ಹಳೆಯ ಮನೆ ಹೇಗಿತ್ತು? ನನಗೆ ಮರೆತು ಹೋಗುತ್ತಿದೆ."

ತಾಯಿಗೆ ಬಾಯಲ್ಲಿ ಹೇಳಲಾಗಲಿಲ್ಲ. ಮಾಡಿಯೇ ತೋರಿಸೋಣ ಎಂದುಕೊಂಡಳು. ಗೋಧಿ ಹಿಟ್ಟಿಗೆ ಬೆಲ್ಲ, ಒಣಶುಂಠಿ ಹಾಕಿ ಗಟ್ಟಿಯಾಗಿ ನಾದಿದಳು. ಗೋಡೆಗಳನ್ನು ಕತ್ತರಿಸಿ ನೆರೆಮನೆಯ ಕೆಂಡದ ಮೇಲೆ ಬೇಯಿಸಿ ತಂದಳು. ಸಕ್ಕರೆ ಕರಗಿಸಿ ತಟ್ಟೆಯಲ್ಲಿ ತೆಳ್ಳಗೆ ಹರಡಿ ಕಿಟಕಿಗೆ ಗಾಜು ಮಾಡಿದಳು. ಹೆಂಚಿಗೆ ಕೊಬ್ಬರಿಯ ಹೋಳು, ಹೊಸ್ತಿಲಿಗೆ ಹುರಿಗಡಲೆಯ ಸಾಲು. ಇಬ್ಬರೂ ಕೂತು ಎಲ್ಲವನ್ನೂ ಜೋಡಿಸಿಟ್ಟುಕೊಂಡರು.

ಆದರೆ ಗೋಡೆ ನಿಲ್ಲಲಿಲ್ಲ. ನೆರೆಮನೆಯಿಂದ ತಂದ ಬೆಲ್ಲದ ಪಾಕ ದಾರಿಯಲ್ಲೇ ಆರಿ ಕಲ್ಲಾಗುತ್ತಿತ್ತು. ತಣ್ಣಗಿನ ಬೆಲ್ಲದ ನೀರು ಅಂಟಲಿಲ್ಲ. ಗೋಡೆಗಳು ಮತ್ತೆ ಮತ್ತೆ ಬಿದ್ದವು. ಒಂದರ ಮೂಲೆ ಮುರಿಯಿತು. ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಸಾಕು ಮಗಳೇ, ಇದನ್ನು ಹೀಗೇ ತಿಂದುಬಿಡೋಣ" ಎಂದಳು.

ಹಾಲವ್ವ ಎದ್ದು ಹಿತ್ತಿಲಿಗೆ ಹೋದಳು. ಒಂದು ಹೊರೆ ಹತ್ತಿಕಟ್ಟಿಗೆ ತಂದು ಒಲೆಯ ಮುಂದೆ ಹಾಕಿದಳು.

"ಹಚ್ಚವ್ವ."

ತಾಯಿ ಒಲೆಗೆ ಕಟ್ಟಿಗೆ ಒಟ್ಟಿದಳು. "ಹಚ್ಚುತ್ತೇನೆ. ನೀನು ಹೊರಗೆ ಹೋಗಿರು."

"ನಾನು ಹೋದರೆ ಗೋಡೆ ಹಿಡಿಯುವವರು ಯಾರು?"

ಒಲೆ ಹೊತ್ತಿತು. ಬೆಲ್ಲ ಕುದಿದು ನೊರೆಯೆದ್ದಿತು. ಮಗು ಕಣ್ಣು ಮುಚ್ಚಿಕೊಂಡು ಎರಡೂ ಕೈಯಲ್ಲಿ ಗೋಡೆ ಹಿಡಿದು ಕೂತಿತು. ತಾಯಿ ಸಂದಿಗೆ ಪಾಕ ಎರೆದಳು. ಎರಡನೆಯ ಗೋಡೆಯ ಹೊತ್ತಿಗೆ ಮಗು ಕಣ್ಣು ತೆರೆದಿತ್ತು.

ಆ ಮನೆಯ ಮಾಡಿನಿಂದ ಹೊಗೆ ಏಳುವುದನ್ನು ಕಂಡು ಊರವರು ಕೊಡಗಳಲ್ಲಿ ನೀರು ತುಂಬಿಕೊಂಡು ಓಡಿಬಂದರು. ಬಂದವರು ಬಾಗಿಲಲ್ಲೇ ನಿಂತರು. ನೆಲದ ಮೇಲೆ, ಸುಟ್ಟುಹೋದ ಮನೆ ನಿಂತಿತ್ತು. ಅದೇ ಬಾಗಿಲು, ಅದೇ ಜಗಲಿ, ಪಕ್ಕದಲ್ಲಿ ಕರುವಿನ ಕೊಟ್ಟಿಗೆ. ಹಿಂದಿನಿಂದ ಒಲೆಯ ಬೆಳಕು ಬಿದ್ದು ಸಕ್ಕರೆಯ ಕಿಟಕಿಗಳೆಲ್ಲ ಬೆಳಗುತ್ತಿದ್ದವು. ಒಳಗೆ ಯಾರೋ ದೀಪ ಹಚ್ಚಿಟ್ಟು ಬಾಳುತ್ತಿರುವಂತೆ ಕಾಣುತ್ತಿತ್ತು. ಒಲೆಗೆ ಬೆನ್ನು ಕೊಟ್ಟು ಹಾಲವ್ವ ಕೊನೆಯ ಹೆಂಚು ಕೂರಿಸುತ್ತಿದ್ದಳು. ಒಬ್ಬ ಮುದುಕಿ ಕೊಡವನ್ನು ಮೆಲ್ಲಗೆ ಕೆಳಗಿಟ್ಟು ಕೈ ಮುಗಿದಳು.

ಗುರುಗಳು ಕಥೆ ಮುಗಿಸಿದರು. ಚೆನ್ನವೀರಯ್ಯ ಕೇಳಿದ: "ಹಾಗಾದರೆ ಆ ಮಗುವಿನ ಭಯ ಅಂದೇ ಹೋಯಿತೇ?"

"ಅವಳ ಕೈ ಕೊನೆಯ ಹೆಂಚಿನವರೆಗೂ ನಡುಗುತ್ತಲೇ ಇತ್ತು, ಚೆನ್ನವೀರಯ್ಯ."

ಶಿಷ್ಯ ಎದ್ದು ಗುರುಗಳಿಗೆ ನಮಸ್ಕರಿಸಿ ನದಿಯ ಕಡೆಗೆ ಹೊರಟ.