ಸಿಕ್ಕಿದ್ದನ್ನ ಸಿಕ್ಕಲ್ಲೇ ಬಿಟ್ಟ ತಿಪ್ಪೇಶ

ಎಲ್ಲರೂ ಕೂತ್ಕೊಂಡ್ರಾ? ಹಂಗಾದ್ರೆ ಕೇಳಿ. ಹೆಬ್ಬಂಡೆ ಅಂತ ಒಂದು ಊರು. ಊರಿನ ಬೆನ್ನಿಗೆ ಬರೀ ಬಂಡೆಗಳ ಬೆಟ್ಟ. ಆ ಊರಿನ ಬಸ್‌ಸ್ಟ್ಯಾಂಡ್ ಎದುರಿಗೆ ಪಾಲವ್ವ ಅನ್ನೋಳು ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಇಟ್ಟಿದ್ದಳು. ಅವಳಿಗೆ ಒಬ್ಬನೇ ಮಗ, ತಿಪ್ಪೇಶ. ಆಳು ನೋಡಿದ್ರೆ ಬಾಗಿಲು ತುಂಬೋ ಹಂಗಿದ್ದ. ಮನಸ್ಸು ಹಾಲಿನಂಥದ್ದು. ಆದರೆ ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದಕ್ಕಿಂತ ಒಂದು ಕೂದಲೆಳೆ ಆಚೆಗಿಲ್ಲ, ಈಚೆಗಿಲ್ಲ.

ಒಂದ್ಸಲ ಪಾಲವ್ವ ಅವನನ್ನ ಬಾಣಲೆ ಮುಂದೆ ಕೂರಿಸಿ, ಮೆಣಸಿನಕಾಯಿ ಕೆಂಪಗಾದ ಮೇಲೆ ತೆಗಿಯಪ್ಪ ಅಂತ ಹೇಳಿ ನೀರು ತರೋಕೆ ಹೋದಳು. ಆಗಲಿ ಅಂದ. ಅಂದಂಗೇ ಮಾಡಿದ. ಒಂದು ಬಜ್ಜಿ ಎತ್ತಿ ಮುರಿದು ನೋಡಿದ, ಒಳಗೆ ಕಾಯಿ ಹಸಿರಾಗೇ ಇತ್ತು. ಇನ್ನೊಂದು ಮುರಿದ, ಅದೂ ಹಸಿರು. ಸರಿ, ಇನ್ನೂ ಕೆಂಪಾಗಿಲ್ಲ ಅಂತ ಕಾಯ್ತಾ ಕೂತ. ಅವ್ವ ಕೊಡ ಹೊತ್ತು ಬರೋ ಹೊತ್ತಿಗೆ ಬಾಣಲೆ ತುಂಬ ಇದ್ದಿಲು. "ಒಂದೂ ಕೆಂಪಾಗಲಿಲ್ಲ ಕಣವ್ವ" ಅಂತ ಮಗ ಬೇಜಾರಲ್ಲಿ ಕೂತಿದ್ದ. ಪಾಲವ್ವ ಹಣೆ ಹಣೆ ಚಚ್ಚಿಕೊಂಡಳು.

ಇಂಥೋನಿಗೆ ಒಂದು ಹುಚ್ಚು ಹಿಡೀತು, ಪೆಟ್ಟಿಗೆ ಹುಡುಕೋ ಹುಚ್ಚು. ಜಿಯೋಕ್ಯಾಚಿಂಗ್ ಅಂತಾರೆ ಅದಕ್ಕೆ. ಯಾರೋ ಒಬ್ಬರು ಒಂದು ಪುಟ್ಟ ಡಬ್ಬೀನ ಬಂಡೆ ಸಂದೀಲೋ ಮರದ ಪೊಟರೇಲೋ ಬಚ್ಚಿಟ್ಟು, ಅದಿರೋ ಜಾಗಾನ ಫೋನಿಗೆ ಹಾಕ್ತಾರೆ. ಉಳಿದೋರು ಫೋನಲ್ಲಿ ಕಾಣೋ ಬಾಣ ನೋಡ್ಕೊಂಡು ಹುಡುಕಬೇಕು. ಸಿಕ್ಕಿದ್ರೆ ಒಳಗಿರೋ ಚೀಟಿ ಮೇಲೆ ಹೆಸರು ಬರೀಬೇಕು. ಒಳಗಿಂದ ಗೋಲಿನೋ ಬಿಲ್ಲೆನೋ ಏನಾದ್ರೂ ತಗೊಂಡ್ರೆ, ಬದಲಿಗೆ ತಮ್ಮದೊಂದು ಇಡಬೇಕು. ಅಷ್ಟೇ ಆಟ. ಊರಲ್ಲಿ ಈ ಆಟ ಶುರು ಮಾಡಿದೋರು ಸಬೀಹಾ ಅಂತ ದನದ ಆಸ್ಪತ್ರೆ ಡಾಕ್ಟರಮ್ಮ. ಅವರ ಗುಂಪಿಗೆ ತಿಪ್ಪೇಶನೂ ಸೇರಿದ್ದ. ಸೇರಿ ಬಹಳ ದಿನ ಆಗಿತ್ತು, ಆದರೆ ಅವನ ಹೆಸರು ಇನ್ನೂ ಯಾವ ಚೀಟಿಗೂ ಹತ್ತಿರಲಿಲ್ಲ.

ಆಗ ಬಂತು ನೋಡಿ, ಶನಿವಾರ-ಭಾನುವಾರದ ದೊಡ್ಡ ಆಟ. ಬೆಟ್ಟದ ತುಂಬ ಪೆಟ್ಟಿಗೆ ಬಚ್ಚಿಟ್ಟಿದ್ರು, ಸುತ್ತಮುತ್ತಲ ಊರುಗಳಿಂದ ಜನ ಬಂದಿದ್ರು. ತಿಪ್ಪೇಶನನ್ನ ಸೈಕಲ್ ಅಂಗಡಿ ಮೈಲಾರಪ್ಪನ ಜೋಡಿ ಮಾಡಿದ್ರು. ಮೈಲಾರಪ್ಪ ದಪ್ಪ ಹೊಟ್ಟೆಯೋನು, ಮೂಗಿನ ತುದೀಲೇ ಸಿಟ್ಟು. ಅವನು ಪಾಲವ್ವನ ಅಂಗಡೀಲೇ ನಿಂತು, ಈ ಸಲಾನೂ ನಿನ್ನ ಮಗ ಎಡವಟ್ಟು ಮಾಡಿದ್ರೆ ಗುಂಪಿಂದ ಆಚೆಗೆ, ಅದು ಎಲ್ಲರ ತೀರ್ಮಾನ ಅಂದುಬಿಟ್ಟ.  ಪಾಲವ್ವ ಮಗನಿಗೆ ಮಂಡಕ್ಕಿ ಪೊಟ್ಟಣ ಕಟ್ಟಿಕೊಡ್ತಾ, "ಒಂದು ಕಡೆಯಾದ್ರೂ ನಿನ್ನ ಹೆಸರು ಒಳ್ಳೇದಕ್ಕೆ ಬರ್ಕೊಂಡು ಬಾ ಮಗನೇ" ಅಂದಳು. ಆಗಲಿ ಅಂದ.

ಶನಿವಾರ ಬೆಳಿಗ್ಗೆ ಡಾಕ್ಟರಮ್ಮ ಎಲ್ಲರನ್ನೂ ನಿಲ್ಲಿಸಿ, ಬಾಣ ತೋರಿಸಿದ ಕಡೆ ನೇರವಾಗಿ ಹೋಗಿ ಅಂದ್ರು. ಮೊದಲನೇ ಪೆಟ್ಟಿಗೆ ಊರಾಚೆ ಬೇವಿನ ಮರದ ಹತ್ತಿರ. ಜನ ಎಲ್ಲ ಬೀದಿ ಹಿಡಿದು ಹೋದ್ರು. ತಿಪ್ಪೇಶ ನೇರ ಹೋದ. ಎದುರಿಗೆ ಒಂದು ಮನೆ ಬಂತು. ಮುಂಬಾಗಿಲಲ್ಲಿ ನುಗ್ಗಿ, ಅಡುಗೆಮನೇಲಿ ರೊಟ್ಟಿ ತಟ್ಟುತ್ತಿದ್ದ ಹೆಂಗಸಿಗೆ ನಮಸ್ಕಾರ ಹೇಳಿ, ಹಿತ್ತಿಲ ಬಾಗಿಲಲ್ಲಿ ಹೊರಬಿದ್ದ. ಹುಲ್ಲಿನ ಬಣವೆ ಬಂತು. ಈ ಕಡೆ ಹೊಕ್ಕು ಆ ಕಡೆ ಬಂದ. ದನಕ್ಕಿಟ್ಟ ಕಲಗಚ್ಚಿನ ಬಾನಿ ಬಂತು. ಅದರೊಳಗೇ ಕಾಲಿಟ್ಟು ದಾಟಿದ. ಮರದ ಹತ್ತಿರ ಬರೋ ಹೊತ್ತಿಗೆ ಮೈಯೆಲ್ಲ ಹುಲ್ಲು, ಹಿಂದೆ ಲಟ್ಟಣಿಗೆ ಹಿಡ್ಕೊಂಡು ರೊಟ್ಟಿ ಹೆಂಗಸು, ಅವಳ ಹಿಂದೆ ಅರ್ಧ ಕೇರಿ.

ಮೈಲಾರಪ್ಪ ಎಲ್ಲರ ಕಾಲು ಹಿಡಿದು ವಾಪಸು ಕಳಿಸಿ ತಿಪ್ಪೇಶನಿಗೆ ಬಯ್ದ. ಮನೆ ಸಿಕ್ಕಿದ್ರೆ ಸುತ್ತಿ ಹೋಗಬೇಕು ಕಣೋ ದಡ್ಡ ಅಂದ. ಇದು ಗುಟ್ಟಿನ ಆಟ, ಯಾರಾದ್ರೂ ಬಂದು ಕೇಳಿದ್ರೆ ಏನೂ ಗೊತ್ತಿಲ್ಲ, ಗಾಳಿಗೆ ಬಂದು ಕೂತಿದೀನಿ ಅನ್ನು ಅಂದ. ಆಗಲಿ ಅಂದ ತಿಪ್ಪೇಶ. ಅಂದಂಗೇ ಮಾಡಿದ.

ಎರಡನೇ ಪೆಟ್ಟಿಗೆ ಹಾಳು ಮಂಟಪದಲ್ಲಿತ್ತು. ಮೈಲಾರಪ್ಪ ಒಂದು ಮೂಲೆ ಹುಡುಕ್ತಿದ್ದ, ತಿಪ್ಪೇಶ ಇನ್ನೊಂದು ಮೂಲೆ. ಕಲ್ಲೆತ್ತಿದ್ರೆ ತಿಪ್ಪೇಶನಿಗೇ ಸಿಕ್ಕಿತು ಡಬ್ಬಿ.  ಅಷ್ಟರಲ್ಲಿ ಯಾರೋ ಬರೋ ಸಪ್ಪಳ. ತಕ್ಷಣ ಡಬ್ಬಿ ಮೇಲೆ ಕೂತುಬಿಟ್ಟ. ಬಂದೋನು ಮೈಲಾರಪ್ಪನೇ. ಏನಾದ್ರೂ ಸಿಕ್ತಾ ಅಂತ ಕೇಳಿದ. ಏನೂ ಗೊತ್ತಿಲ್ಲ, ಗಾಳಿಗೆ ಬಂದು ಕೂತಿದೀನಿ ಅಂದ ತಿಪ್ಪೇಶ. ಏಳು, ಹುಡುಕೋಣ ಅಂದ್ರೆ, ಇಲ್ಲಿ ಗಾಳಿ ಚೆನ್ನಾಗಿದೆ ಅಂದ. ಮೈಲಾರಪ್ಪ ಮಂಟಪದ ಕಲ್ಲುಗಳನ್ನೆಲ್ಲ ತಡಕಿ ತಡಕಿ ಬೆವರಿ ನೀರಾದ. ಕೊನೆಗೆ ಬೇರೆ ಗುಂಪಿನೋರು ಬಂದು, ತಿಪ್ಪೇಶನನ್ನ ಎಬ್ಬಿಸಿ, ಡಬ್ಬಿ ತಗೊಂಡು ತಮ್ಮ ಹೆಸರು ಬರ್ಕೊಂಡು ಹೋದ್ರು.

ಮೈಲಾರಪ್ಪನ ಸಿಟ್ಟು ನೆತ್ತಿಗೇರಿತು. ನಮ್ಮೋರಿಗೆ ಹೇಳಬೇಕಪ್ಪ, ಏನಾದ್ರೂ ಸಿಕ್ಕಿದ್ರೆ ಬೆಟ್ಟಕ್ಕೆಲ್ಲ ಕೇಳೋ ಹಂಗೆ ಕೂಗು ಅಂದ. ಆಗಲಿ ಅಂದ. ಅಂದಂಗೇ ಮಾಡಿದ.

ಒಂದು ಹಳೇ ಚಪ್ಪಲಿ ಸಿಕ್ಕಿತು, ಕೂಗಿದ. ಸೀಸದ ಮುಚ್ಚಳ ಸಿಕ್ಕಿತು, ಕೂಗಿದ. ಹಾವಿನ ಪೊರೆ ಸಿಕ್ಕಿತು, ಅದಕ್ಕೂ ಕೂಗಿದ. ಪ್ರತೀ ಸಲ ಮೈಲಾರಪ್ಪ ಏದುಸಿರು ಬಿಡ್ತಾ ಓಡಿ ಬಂದ, ಪ್ರತೀ ಸಲ ತಲೆ ಚಚ್ಚಿಕೊಂಡು ಹೋದ. ಆಮೇಲೆ ಅವನು ಬರೋದನ್ನೇ ಬಿಟ್ಟ. ಆಗಲೇ ತಿಪ್ಪೇಶನಿಗೆ ನಿಜವಾದ ಪೆಟ್ಟಿಗೆ ಸಿಕ್ಕಿದ್ದು. ಕೂಗಿ ಕೂಗಿ ಯಾರೂ ಬರದೇ ಇದ್ದಾಗ, ಪೆಟ್ಟಿಗೇನೇ ತಲೆ ಮೇಲೆ ಹೊತ್ಕೊಂಡು ಬೆಟ್ಟ ಇಳಿದು ಡಾಕ್ಟರಮ್ಮನ ಮುಂದೆ ಇಟ್ಟ. ಹಿಂದೆ ಬಂದೋರಿಗೆಲ್ಲ ಆ ಜಾಗದಲ್ಲಿ ಬರೀ ಗುಂಡಿ.

ಸಬೀಹಾ ಡಾಕ್ಟರಮ್ಮ ಜೋರು ಮಾತಾಡೋರಲ್ಲ. ಆದರೂ ಅವತ್ತು ಅವರ ಮುಖ ಬಾಡಿತ್ತು. ಈ ಪೆಟ್ಟಿಗೆಗೆ ನಿನ್ನ ಹೆಸರು ಲೆಕ್ಕಕ್ಕಿಲ್ಲ ಅಂದ್ರು. ಆಮೇಲೆ ಪಕ್ಕದಲ್ಲಿ ಕೂರಿಸ್ಕೊಂಡು ನಿಧಾನಕ್ಕೆ ಹೇಳಿದ್ರು: "ನಾಳೆ ಒಂದೇ ದಿನ ಉಳಿದಿರೋದು ತಿಪ್ಪೇಶ. ಏನೇ ಸಿಕ್ಕಲಿ, ಕೂಗಬೇಡ. ಅಲುಗಾಡಿಸಬೇಡ. ನಿನ್ನ ಹೆಸರು ಬರಿ. ಹೊರಗೆ ಕಾಣದ ಹಂಗೆ ಸೊಪ್ಪು ಮುಚ್ಚು. ಸೀದಾ ಬಂದು ನನಗೆ ಹೇಳು."

ಆಗಲಿ ಅಂದ. ರಾತ್ರಿ ಊಟ ಸೇರಲಿಲ್ಲ ಅವನಿಗೆ. ಕೂಗಬಾರದು, ಅಲುಗಾಡಿಸಬಾರದು ಅಂತ ಹೇಳ್ಕೋತಾನೇ ನಿದ್ದೆ ಹೋದ.

ಭಾನುವಾರ ಮೈಲಾರಪ್ಪ ಇವನ ಸಹವಾಸವೇ ಬೇಡ ಅಂತ ಒಬ್ಬನೇ ಬೆಟ್ಟ ಹತ್ತಿದ್ದ. ನೆತ್ತಿ ಮೇಲಿನ ಕೊನೇ ಪೆಟ್ಟಿಗೆ ತಾನೇ ಮೊದಲು ಮುಟ್ಟಬೇಕು ಅಂತ ಅವನ ಆಸೆ. ಮಧ್ಯಾಹ್ನ ಆಯ್ತು, ಇಳಿಯಲಿಲ್ಲ. ಫೋನ್ ಮಾಡಿದ್ರೆ ಸ್ವಿಚ್ ಆಫ್ ಅಂತ ಬಂತು. ಬಿಸಿಲು ಬೆಂಕಿಯಂತಿತ್ತು, ಬಂಡೆ ಮೇಲೆ ನೀರಿನ ಹನಿ ಇಲ್ಲ. ಜನಕ್ಕೆ ಗಾಬರಿ ಆಯ್ತು. ಆಟ ಬಿಟ್ಟು ಎಲ್ಲರೂ ಅವನನ್ನ ಹುಡುಕೋಕೆ ಹೊರಟ್ರು. ಸುದ್ದಿ ಕೇಳಿ ಪಾಲವ್ವನೂ ಅಂಗಡಿ ಮುಚ್ಚಿ ಬೆಟ್ಟದ ಬುಡಕ್ಕೆ ಬಂದು ನಿಂತಳು.

ಜನ ಎಲ್ಲ ಮೆಟ್ಟಿಲ ದಾರಿ ಹಿಡಿದು ಹೆಸರು ಕೂಗ್ತಾ ಹತ್ತಿದ್ರು. ತಿಪ್ಪೇಶ ಕೊನೇ ಪೆಟ್ಟಿಗೆಯ ಬಾಣ ನೋಡಿದ. ಮನೆ ಸಿಕ್ಕಿದ್ರೆ ಸುತ್ತಿ ಹೋಗಬೇಕು. ಬೆಟ್ಟದ ಮೇಲೆ ಮನೆ ಇಲ್ಲ. ಅದಕ್ಕೇ ನೇರ ಹೋದ. ಮುಳ್ಳು ಬಂತು, ತೂರಿದ. ಬಂಡೆ ಬಂತು, ಹತ್ತಿದ. ಇನ್ನೊಂದು ಬಂಡೆ ಬಂತು, ಹೊಟ್ಟೆ ಮೇಲೆ ತೆವಳಿದ. ಆ ಬಂಡೆಯಾಚೆ ಒಂದು ಬಿರುಕು. ಬಿರುಕಿನೊಳಗೆ ಒಂದು ಕಾಲು ಮಡಚಿ ಬಿದ್ದಿದ್ದ ಮೈಲಾರಪ್ಪ. ಅವನೂ ಹತ್ತಿರದ ದಾರಿ ಅಂತ ಅಲ್ಲೇ ಬಂದು ಜಾರಿದ್ದ. ಗಂಟಲು ಒಣಗಿ ಕೂಗೋಕೆ ಧ್ವನಿಯೇ ಇರಲಿಲ್ಲ.

"ದೇವರು ಬಂದಂಗೆ ಬಂದೆ ಕಣಪ್ಪ. ಕೈ ಕೊಡು, ಎತ್ತು" ಅಂದ ಮೈಲಾರಪ್ಪ.

"ಆಗಲ್ಲಣ್ಣ. ಸಿಕ್ಕಿದ್ದನ್ನ ಅಲುಗಾಡಿಸಬಾರದು."

"ಹಂಗಾದ್ರೆ ಯಾರನ್ನಾದ್ರೂ ಕೂಗೋ."

"ಕೂಗಬಾರದು."

"ಅದು ಪೆಟ್ಟಿಗೆಗೆ ಹೇಳಿದ್ದು ಕಣೋ, ನಾನು ಮನುಷ್ಯ."

"ಏನೇ ಸಿಕ್ಕಲಿ ಅಂದಿದ್ದಾರಣ್ಣ ಡಾಕ್ಟರಮ್ಮ."

ಜೇಬಿಂದ ಪೆನ್ನು ತೆಗೆದು, ಮೈಲಾರಪ್ಪನ ಮೊಣಕೈ ಕೆಳಗೆ ದುಂಡಗೆ ಬರೆದ: ತಿಪ್ಪೇಶ, ಹೆಬ್ಬಂಡೆ. ಮೈಲಾರಪ್ಪನ ಹೆಗಲ ಮೇಲಿದ್ದ ಟವಲ್ ತಗೊಂಡ. ತಗೊಂಡಿದ್ದಕ್ಕೆ ಬದಲಿ ಇಡಬೇಕಲ್ಲ, ತನ್ನ ನೀರಿನ ಬಾಟಲಿ, ಬೆಳಿಗ್ಗೆ ಅವ್ವ ಕಟ್ಟಿದ್ದ ಮಂಡಕ್ಕಿ ಪೊಟ್ಟಣ ಇಟ್ಟ. ಆಮೇಲೆ ಹೊಂಗೆ ಸೊಪ್ಪು ಮುರಿದು ತಂದು ಬಿರುಕಿನ ಮೇಲೆ ದಟ್ಟಗೆ ಹರಡಿದ. ಮೈಲಾರಪ್ಪ ಬೈದ, ಬೇಡ್ಕೊಂಡ, ಕೊನೆಗೆ ಅತ್ತೇಬಿಟ್ಟ. "ಅಳಬೇಡಣ್ಣ, ಈಗಲೇ ಹೇಳಿ ಬರ್ತೀನಿ" ಅಂತ ಅವನ ಕಣ್ಣೊರೆಸಿ, ಕೊನೇ ಕೊಂಬೆ ಮುಚ್ಚಿ, ಬಂದ ದಾರೀಲೇ ದಡದಡ ಇಳಿದ.

ಬುಡದಲ್ಲಿ ಡಾಕ್ಟರಮ್ಮ ಆಂಬುಲೆನ್ಸಿಗೆ ಫೋನ್ ಮಾಡಿ, ಮನುಷ್ಯನೇ ಸಿಕ್ಕಿಲ್ಲ, ಎಲ್ಲಿಗೆ ಬನ್ನಿ ಅಂತ ಹೇಳಲಿ ಅಂತಿದ್ರು. ಫೋನ್ ಇಡೋವರೆಗೂ ತಿಪ್ಪೇಶ ಕೈಕಟ್ಟಿ ನಿಂತಿದ್ದ.

"ಸಿಕ್ತು ಡಾಕ್ಟರಮ್ಮ" ಅಂದ. "ಕೂಗಲಿಲ್ಲ. ಅಲುಗಾಡಿಸಲಿಲ್ಲ. ಹೆಸರು ಬರೆದೆ. ಸೊಪ್ಪು ಮುಚ್ಚಿ ಬಂದೆ."

"ಈಗ ಪೆಟ್ಟಿಗೆ ವಿಷಯ ಬೇಡಪ್ಪ."

"ಪೆಟ್ಟಿಗೆಯಲ್ಲ. ಮೈಲಾರಪ್ಪಣ್ಣ."

 ತಕ್ಷಣ ಹಗ್ಗ ತನ್ನಿ, ಮಂಚ ತನ್ನಿ ಅಂತ ಗದ್ದಲ ಎದ್ದಿತು. ದಾರಿ ಗೊತ್ತಿದ್ದೋನು ತಿಪ್ಪೇಶ ಒಬ್ಬನೇ. ಅವನು ಮುಂದೆ, ಹೆಬ್ಬಂಡೆಯೆಲ್ಲ ಹಿಂದೆ. ಸೊಪ್ಪು ಸರಿಸಿದ್ರೆ ಮೈಲಾರಪ್ಪ ನೆರಳಲ್ಲಿ ಒರಗಿ, ನೀರು ಕುಡಿದು, ಮಂಡಕ್ಕಿ ಮುಕ್ಕುತ್ತಿದ್ದ. ಡಾಕ್ಟರಮ್ಮ ದನದ ಕಾಲಿಗೆ ಕಟ್ಟೋ ಹಂಗೇ ಬಿದಿರು ದಬ್ಬೆ ಇಟ್ಟು ಅವನ ಕಾಲು ಕಟ್ಟಿದ್ರು. ಮೂಳೆ ಮುರಿದಿದೆ, ಯಾರಾದ್ರೂ ತಿಳಿಯದೆ ಎಳೆದಿದ್ರೆ ಕಾಲೇ ಹೋಗ್ತಿತ್ತು, ಆ ಬಿಸಿಲಲ್ಲಿ ಬಿಟ್ಟಿದ್ರೆ ಜೀವವೇ ಹೋಗ್ತಿತ್ತು ಅಂದ್ರು. ಮಂಚದ ಒಂದು ಮೂಲೆಗೆ ಹೆಗಲು ಕೊಟ್ಟು ಇಳಿಸಿದೋನೂ ತಿಪ್ಪೇಶನೇ.

ಸಂಜೆ ಆಟದ ಬಹುಮಾನ ಹೇಳೋ ಹೊತ್ತು. ಡಾಕ್ಟರಮ್ಮ ಬೇರೆ ಯಾರ ಹೆಸರೂ ಕರೀಲಿಲ್ಲ. ಈ ಬೆಟ್ಟದಲ್ಲಿ ಇವತ್ತು ಸಿಕ್ಕಿದ್ದರಲ್ಲೆಲ್ಲ ದೊಡ್ಡದು ಇದು ಅಂತ ತಿಪ್ಪೇಶನನ್ನ ಮೇಲಕ್ಕೆ ಕರೆದ್ರು. ಮೈಲಾರಪ್ಪ ಪಟ್ಟಣದ ಆಸ್ಪತ್ರೆಯಿಂದ ಫೋನಲ್ಲೇ ಎಲ್ಲರಿಗೂ ಕೇಳೋ ಹಂಗೆ, ಕೈ ಮೇಲಿನ ಹೆಸರು ಒರೆಸೋಕೆ ನರ್ಸಮ್ಮನಿಗೆ ಬಿಡಲಿಲ್ಲ ಅಂದ. ಜನ ತಿಪ್ಪೇಶನನ್ನ ಹೆಗಲ ಮೇಲೆ ಎತ್ತಿದ್ರು. ಪಾಲವ್ವ ಸೆರಗು ಬಾಯಿಗಿಟ್ಟು ಅತ್ತಳು, ನಗ್ತಾನೂ ಇದ್ದಳು. ಪಕ್ಕದೋಳಿಗೆ, ನನ್ನ ಮಗ ಕಣೆ ಅಂತ ಮತ್ತೆ ಮತ್ತೆ ಹೇಳಿದಳು.

ಗೆದ್ದೋನಿಗೆ ಒಂದು ಮರ್ಯಾದೆ ಇತ್ತು. ಮುಂದಿನ ಆಟದ ದೊಡ್ಡ ಪೆಟ್ಟಿಗೆ ಬಚ್ಚಿಡೋದು ಅವನೇ. ಡಾಕ್ಟರಮ್ಮ ಹೊಸ ಸ್ಟೀಲ್ ಡಬ್ಬಿ ಅವನ ಕೈಗಿಟ್ಟು, ಎಲ್ಲಿಟ್ಟೆ ಅಂತ ಒಬ್ಬರಿಗೂ ಗೊತ್ತಾಗಬಾರದು ನೋಡು ಅಂದ್ರು. ಆಗಲಿ ಅಂದ. ಅಂದಂಗೇ ಮಾಡಿದ.

ಬೆಳಿಗ್ಗೆ ಬೆಟ್ಟ ಹತ್ತಿದ. ನಾನೂ ಒಬ್ಬ ತಾನೇ, ನನಗೂ ಗೊತ್ತಾಗಬಾರದು ಅಂತ ಯೋಚನೆ ಮಾಡಿದ. ಫೋನಿಗೂ ತಿಳಿಯೋದು ಬೇಡ ಅಂತ ಅದನ್ನ ಆರಿಸಿದ. ಕಣ್ಣಿಗೆ ಬಟ್ಟೆ ಕಟ್ಕೊಂಡು ಗಿರಗಿರ ಸುತ್ತಿದ. ತಲೆ ತಿರುಗಿದ ಕಡೆ ನಡೆದು, ಕೈಗೆ ಸಿಕ್ಕ ಸಂದಿಗೆ ಡಬ್ಬಿ ತುರುಕಿ, ಮತ್ತೆ ಗಿರಗಿರ ಸುತ್ತಿ, ತೆವಳ್ಕೊಂಡು ಹಿಂದಕ್ಕೆ ಬಂದು ಬಟ್ಟೆ ಬಿಚ್ಚಿದ.

ಆ ಡಬ್ಬಿ ಇವತ್ತಿಗೂ ಸಿಕ್ಕಿಲ್ಲ. ಯಾರಿಗೂ ಸಿಗದ ಪೆಟ್ಟಿಗೆ ಅಂತ ಹೆಸರಾಗಿ, ವಾರ ವಾರ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಆ ಜನದ ಮುಂದೆ ಎದೆ ಉಬ್ಬಿಸಿಕೊಂಡು, "ನನ್ನ ಹಿಂದೆ ಬನ್ನಿ, ಇಟ್ಟೋನು ನಾನೇ" ಅಂತ ದಾರಿ ತೋರಿಸ್ತಾ ಹೋಗ್ತಾನೆ ತಿಪ್ಪೇಶ.