ಹೊಳೆ ದಾಟಬೇಕಾಗಿದ್ದ ಮೋಟಾರುಸೈಕಲ್

ಮೋಟಾರುಸೈಕಲ್ ವಿಷಯದಲ್ಲಿ ನನ್ನಷ್ಟು ಬಲ್ಲವನು ಆ ಕಾಲದಲ್ಲಿ ಹೊಳೆಯ ಈ ದಡದಲ್ಲಿ ಇನ್ನೊಬ್ಬನಿರಲಿಲ್ಲ. ಆ ದಡದಲ್ಲೂ ಇರಲಿಲ್ಲ. ಆ ದಡದಲ್ಲಿ ಮೋಟಾರುಸೈಕಲ್ಲೇ ಇರಲಿಲ್ಲ.

ನಾನು ಗೇರ್ ಬದಲಿಸಿದರೆ ಗಾಡಿಗೇ ಗೊತ್ತಾಗುತ್ತಿರಲಿಲ್ಲ. ಕಣ್ಣು ಕಟ್ಟಿ ಕೂರಿಸಿದರೂ, ಎಂಜಿನ್ನಿನ ಸದ್ದು ಕೇಳಿ, ಗಾಡಿಯ ಹಿಂದಿನ ಯಜಮಾನ ಬೀಡಿ ಸೇದುತ್ತಿದ್ದನೋ ಇಲ್ಲವೋ ಹೇಳಿಬಿಡುತ್ತಿದ್ದೆ. ಇಂಥ ನಾನು ಮುದ್ದುಮಲ್ಲ ಸ್ವಾಮಿಗಳ ಆಶ್ರಮಕ್ಕೆ ಶಿಷ್ಯನಾಗಿ ಸೇರಿದ್ದು ಆಶ್ರಮದ ಪುಣ್ಯ ಎಂದು ತಿಳಿದಿದ್ದೆ.

ಗುರುಗಳು ಕಾವಿ ಉಡುವ ಮೊದಲು ಹದಿನಾರು ವರ್ಷ ಮಿಲಿಟರಿಯಲ್ಲಿ ಮೋಟಾರುಸೈಕಲ್ ರಿಪೇರಿ ಮಾಡಿದ್ದವರು. ಅದನ್ನು ಅವರು ನನಗೆ ಹೇಳಿರಲಿಲ್ಲ. ಹೇಳಲು ನಾನು ಬಿಟ್ಟಿರಲಿಲ್ಲ.

ಹೊಳೆಯಾಚೆ ಬೆಟ್ಟದ ಮೇಲೆ ಏಳು ದೊಡ್ಡಿಗಳು, ಅಂದರೆ ಹತ್ತಿಪ್ಪತ್ತು ಮನೆಗಳ ಪುಟ್ಟ ಊರುಗಳು. ಅಲ್ಲಿನ ಮಕ್ಕಳಿಗೆ ಲಸಿಕೆ ಹಾಕುವವರು ನರ್ಸ್ ಸಿದ್ದರಾಜಮ್ಮ. ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಹೋಗುತ್ತಿದ್ದರು.

ಪೆಟ್ಟಿಗೆಯೊಳಗೆ ಐಸು. ಬೆಳಿಗ್ಗೆ ತೆಗೆದುಕೊಂಡು ಹೋದ ಪೆಟ್ಟಿಗೆ ಅದೇ ಸಂಜೆ ಆಸ್ಪತ್ರೆಗೆ ಮರಳಬೇಕು, ಅದು ಕಟ್ಟಳೆ. ಐದು ದೊಡ್ಡಿ ಮುಗಿಸುವಷ್ಟರಲ್ಲಿ ಹಿಂದಿರುಗುವ ಹೊತ್ತಾಗುತ್ತಿತ್ತು. ಮೇಲಿನ ಎರಡು ದೊಡ್ಡಿಗಳ ಮಕ್ಕಳು ಪ್ರತಿ ಸಲವೂ ಉಳಿದುಹೋಗುತ್ತಿದ್ದರು. ಹಿಂದಿನ ವರ್ಷ ಅಲ್ಲಿ ದಡಾರ ಎದ್ದು ಇಬ್ಬರು ಮಕ್ಕಳು ತೀರಿಕೊಂಡಿದ್ದರು.

ಬೇಸಿಗೆಯ ಒಂದು ಬೆಳಿಗ್ಗೆ ಗುರುಗಳು ನನ್ನನ್ನು ಕರೆದರು.

"ಸಿದ್ದರಾಜಮ್ಮನಿಗೆ ಒಂದು ಗಾಡಿ ಬೇಕು ಗುರುಮಲ್ಲ. ಟಾರಿನ ಮೇಲೂ ಓಡಬೇಕು, ಕಲ್ಲಿನ ಮೇಲೂ ಹತ್ತಬೇಕು. ಹಳೆಯದು ಸಾಕು. ಮಳೆ ಹಿಡಿಯುವ ಮೊದಲು ಮೇಲಿನ ದೊಡ್ಡಿ ಮುಟ್ಟಬೇಕು."

ಅವರ ಮಾತು ಮುಗಿಯುವ ಮೊದಲೇ ನಾನು ಮನಸ್ಸಿನಲ್ಲಿ ಗಾಡಿ ಹತ್ತಿ ಕುಳಿತು ಮೂರನೇ ದೊಡ್ಡಿ ದಾಟಿದ್ದೆ.

ಪೇಟೆಯಲ್ಲಿ ಮೊದಲು ನೋಡಿದ ಗಾಡಿ ಕೆಂಪಗೆ ಮದುವಣಗಿತ್ತಿಯ ಹಾಗಿತ್ತು. ಎತ್ತರದ ಮಡ್‌ಗಾರ್ಡು, ಕಲ್ಲು ಕಚ್ಚುವ ಹೊಸ ಬಟನ್ ಟೈರು, ಮುಖ ಕಾಣುವಷ್ಟು ಹೊಳಪು. ಮಾರುವವನು ಒಂದೇ ಕಿಕ್ಕಿಗೆ ಚಾಲೂ ಮಾಡಿ ತೋರಿಸಿದ. ಸದ್ದು ಕೇಳಿ ನಾನು ಕಣ್ಣುಮುಚ್ಚಿ ತಲೆದೂಗಿದೆ. ಇದೇ ಆಗಬಹುದು ಎಂದು ಅಪ್ಪಣೆ ಕೊಡಿಸಿದೆ.

ಗುರುಗಳು ಎಂಜಿನ್ ಆರಿಸಲು ಹೇಳಿ, ನಾವು ಬರುವ ಮೊದಲು ಯಾರಾದರೂ ಓಡಿಸಿದ್ದರೇ ಎಂದು ಕೇಳಿದರು. ತಿಂಗಳಿಂದ ನಿಂತಲ್ಲೇ ನಿಂತಿದೆ ಎಂದ ಮಾರುವವನು. ಅರ್ಧ ನಿಮಿಷವೂ ಓಡಿರದ ಗಾಡಿಯ ಸೈಲೆನ್ಸರಿನ ತುದಿಯನ್ನು ಗುರುಗಳು ಬೆರಳಿನಿಂದ ಮುಟ್ಟಿ ತಟ್ಟನೆ ಕೈ ತೆಗೆದರು. ಆಮೇಲೆ ಹೋಗಿ ಬೇವಿನ ಮರದ ಕೆಳಗೆ ಕುಳಿತುಬಿಟ್ಟರು.

ಯಾಕೆ ಬುದ್ಧಿ ಎಂದು ಗುರುಗಳನ್ನು ಕೇಳಿದೆ.

"ತಣ್ಣಗಾಗಲಿ. ತಣ್ಣಗಿದ್ದಾಗ ಏನು ಹೇಳುತ್ತದೋ ಕೇಳೋಣ."

ನನಗೆ ರೇಗಿಹೋಯಿತು. ನನ್ನ ಕಿವಿಯ ಮೇಲೆ ಇಷ್ಟೂ ನಂಬಿಕೆಯಿಲ್ಲವೇ? ಎರಡು ಗಂಟೆ ಕುಳಿತೆವು. ಮಾರುವವನು ಅಷ್ಟು ಹೊತ್ತೂ ಬೆವರು ಒರೆಸಿಕೊಂಡ. ಆಮೇಲೆ ನಾನು ಕಿಕ್ ಹೊಡೆದೆ. ಒಂದಲ್ಲ, ನಲವತ್ತೊಂದು. ನನ್ನ ಮೀನಖಂಡ ಮರಗಟ್ಟಿತೇ ಹೊರತು ಗಾಡಿ ಕೆಮ್ಮಲೂ ಇಲ್ಲ.

ನಾವು ತಂದದ್ದು ಇನ್ನೊಂದನ್ನು. ಗೀರು ಬಿದ್ದಿತ್ತು, ಟ್ಯಾಂಕು ನೆಗ್ಗಿತ್ತು, ಸೀಟು ಹರಿದಿತ್ತು. ಆದರೆ ರಾತ್ರಿಯೆಲ್ಲ ಹೊರಗೆ ನಿಂತಿದ್ದ ಗಾಡಿ ಬೆಳಗಿನ ತಂಪಿನಲ್ಲಿ ಎರಡನೇ ಕಿಕ್ಕಿಗೆ ಎದ್ದಿತು. ಆಶ್ರಮಕ್ಕೆ ಬರುವ ದಾರಿಯುದ್ದಕ್ಕೂ ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದೆ. ಇಂಥ ಕುರೂಪಿಯ ಮೇಲೆ ನನ್ನನ್ನು ಕಂಡರೆ ಜನ ಏನಂದಾರು?

ಅದಕ್ಕೇ ಅದನ್ನು ರಿಪೇರಿ ಮಾಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ಹದಿನೆಂಟು ದಿನ. ಊಟ ಮರೆತೆ, ಜಪ ಮರೆತೆ. ಜಪ ಮೊದಲೇ ಅಷ್ಟಕ್ಕಷ್ಟೆ.

ಎಂಜಿನ್ನಿನ ಸುತ್ತ ಕಬ್ಬಿಣದ ಪೈಪು ಬಗ್ಗಿಸಿ ಕೋಟೆ ಕಟ್ಟಿದೆ. ಹಿಂದೆ ಎರಡೂ ಕಡೆ ಉಕ್ಕಿನ ಪೆಟ್ಟಿಗೆ ಕೂರಿಸಿದೆ. ಒಂದೊಂದರಲ್ಲಿ ಒಂದು ಮೂಟೆ ರಾಗಿ ಹಿಡಿಸುತ್ತಿತ್ತು. ನನ್ನ ಕಾಲು ಉದ್ದ, ಮಂಡಿ ಮಡಚಬಾರದೆಂದು ಸೀಟಿಗೆ ಇನ್ನೊಂದು ಗೇಣು ಫೋಮ್ ಹಾಕಿಸಿದೆ. ಹ್ಯಾಂಡಲ್ ಎತ್ತರಿಸಿದೆ. ಮುಂದೆ ನಾಲ್ಕು ಲೈಟು. ಸೈಲೆನ್ಸರ್ ಬದಲಿಸಿದ ದಿನ ಚಾಲೂ ಮಾಡಿದಾಗ ಆಶ್ರಮದ ಹಸು ಕರು ಹಾಕಿತು ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಹಸುವೂ ನಂಬಲಿಲ್ಲ.

ಗುರುಗಳು ದಿನಾ ಸಂಜೆ ಬಂದು ಬಗ್ಗಿ ನೋಡುತ್ತಿದ್ದರು. ಪ್ರತಿಯೊಂದನ್ನೂ ಮುಟ್ಟಿ, ಇದು ಯಾಕೆ ಎಂದು ಕೇಳುತ್ತಿದ್ದರು. ನಾನು ಕಾರಣ ಹೇಳುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು. ನಾಲ್ಕು ಲೈಟಿನ ಹತ್ತಿರ ಮಾತ್ರ ಸ್ವಲ್ಪ ನಿಂತರು.

"ಪೆಟ್ಟಿಗೆ ಸಂಜೆಯೊಳಗೇ ವಾಪಸು ಬರಬೇಕಲ್ಲವೇನಪ್ಪ?"

ಮಂಜು ಬಿದ್ದರೆ ಬೇಕಾಗುತ್ತದೆ ಎಂದೆ. ಆಗ ಮೇ ತಿಂಗಳು. ಹೊಳೆಯ ಕಲ್ಲಿನ ಮೇಲೆ ಹಪ್ಪಳ ಸುಡಬಹುದಿತ್ತು.

ಹತ್ತೊಂಬತ್ತನೆಯ ದಿನ ಗುರುಗಳು ಸಿದ್ದರಾಜಮ್ಮನವರನ್ನು ಕರೆಸಿದರು. ನಾನು ಗಾಡಿಯನ್ನು ತೊಳೆದು, ಹ್ಯಾಂಡಲಿಗೆ ಸೇವಂತಿಗೆ ಹಾರ ಹಾಕಿ, ಹೊಳೆಯ ಮರಳಿನ ಮೇಲೆ ನಿಲ್ಲಿಸಿದ್ದೆ.

ಸಿದ್ದರಾಜಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಸೀಟು ಅವರ ಎದೆಯ ಮಟ್ಟಕ್ಕಿತ್ತು. ಹೇಗೋ ಹತ್ತಿ ಕುಳಿತರು. ಎರಡು ಕಾಲೂ ಗಾಳಿಯಲ್ಲಿ ತೂಗಾಡಿದವು.

ನಾನು ನಗುತ್ತ ಸಮಾಧಾನ ಹೇಳಿದೆ. ಅಕ್ಕನ ಕಾಲು ನೆಲಕ್ಕೆ ತಾಗುವ ಅಗತ್ಯವೇ ಇಲ್ಲ, ಓಡಿಸುವವನು ನಾನು, ಅಕ್ಕ ಹಿಂದೆ ಆರಾಮಾಗಿ ಕುಳಿತರೆ ಸಾಕು ಎಂದೆ. ಅವರು ಈ ದಡದ ಟಾರು ರಸ್ತೆಯಲ್ಲಿ ಹತ್ತು ವರ್ಷದಿಂದ ಮೊಪೆಡ್ ಓಡಿಸುತ್ತಿದ್ದುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ಅದು ಹೊಳೆದಿರಲಿಲ್ಲ.

ಸಿದ್ದರಾಜಮ್ಮ ಕೆಳಗೆ ಇಳಿದರು. ಆ ಪುಟ್ಟ ಹೆಂಗಸಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಹೋದ ವರ್ಷ ಜೀಪಿನವನು ಬತ್ತೀನಿ ಅಂದಿದ್ದ ಗುರುಮಲ್ಲಪ್ಪ. ಪೆಟ್ಟಿಗೆ ಇಟ್ಕೊಂಡು ಇದೇ ಮರಳ ಮೇಲೆ ಮಧ್ಯಾಹ್ನದ ಗಂಟ ಕೂತಿದ್ದೆ. ಅವನ ಷಡ್ಡಕನ ಮನೇಲಿ ನಾಮಕರಣ ಇತ್ತಂತೆ. ಮುಂದಿನ ತಿಂಗಳು ಇನ್ನೊಬ್ಬ ಬೈಕಲ್ಲಿ ಬಿಡ್ತೀನಿ ಅಂದ. ಅವನಿಗೆ ಹಲ್ಲುನೋವು. ಎಲ್ಲಾರೂ ಒಳ್ಳೇವರೇ ಕಣಪ್ಪ, ಒಬ್ಬರನ್ನೂ ಬೈಯೋ ಹಂಗಿಲ್ಲ. ದಡಾರಕ್ಕೆ ಹೋದ ಆ ಎರಡು ಕೂಸೂ ಹುಟ್ಟಿದ್ದು ನನ್ನ ಕೈಯಲ್ಲಿ."

ನನಗೂ ಸಿಟ್ಟು ಬಂತು. ಹದಿನೆಂಟು ದಿನ ಬೆವರು ಸುರಿಸಿದವನನ್ನು ಹಲ್ಲುನೋವಿನವನ ಸಾಲಿಗೆ ಸೇರಿಸುವುದೇ? ಗುರುಗಳ ಕಡೆ ತಿರುಗಿ ನ್ಯಾಯ ಕೇಳಿದೆ. ಇಂಥ ಗಾಡಿ ಹತ್ತೂರಲ್ಲಿ ಇದೆಯೇ, ನೀವೇ ಹೇಳಿ ಬುದ್ಧಿ ಎಂದೆ.

ಗುರುಗಳು ಎದ್ದು ಬಂದರು. ಹಾರವನ್ನು ತೆಗೆದು ಪಕ್ಕಕ್ಕಿಟ್ಟರು. ಗಾಡಿಯ ಸೀಟಿಗೆ ಅಂಗೈ ಕೊಟ್ಟು ಆಚೆ ತಳ್ಳಿದರು.

ಧೊಪ್ಪನೆ ಮರಳಿಗೆ ಬಿತ್ತು. ಒಂದು ಕನ್ನಡಿ ಒಡೆಯಿತು.

"ಎತ್ತು" ಎಂದರು ಗುರುಗಳು.

ಎತ್ತಲು ಹೋದೆ. ಒಂದು ಕಾಲದಲ್ಲಿ ನಾನು ಎತ್ತಿನ ಗಾಡಿಯನ್ನು ಎತ್ತುಗಳ ಸಮೇತ ಎತ್ತಿದವನು. ಅವತ್ತು ಎತ್ತುಗಳು ಸ್ವಲ್ಪ ಬಡಕಲಾಗಿದ್ದವು, ಇರಲಿ. ಈ ಗಾಡಿ ಮಾತ್ರ ಒಂದು ಅಂಗುಲ ಮೇಲೆ ಬಂದು, ನನ್ನ ಸೊಂಟವನ್ನು ಲಟಕ್ಕೆನಿಸಿ, ಮತ್ತೆ ಮಲಗಿತು.

"ನಿನಗೇ ಏಳಲಿಲ್ಲ. ಆ ತಾಯಿ ಬೆಟ್ಟದ ಮೇಲೆ ಒಬ್ಬರೇ ಇರುತ್ತಾರೆ" ಎಂದರು ಗುರುಗಳು. "ಅವರು ಎತ್ತುವವರೆಗೂ ಬಿಚ್ಚು."

ಬಿಚ್ಚಿದೆ. ಹಲ್ಲು ಕಚ್ಚಿಕೊಂಡು, ಒಂದೊಂದು ನಟ್ಟಿಗೂ ಒಂದೊಂದು ಬೈಗುಳ ಹಾಕಿ ಬಿಚ್ಚಿದೆ. ಉಕ್ಕಿನ ಪೆಟ್ಟಿಗೆಗಳು ಹೋದವು. ಸಿದ್ದರಾಜಮ್ಮ ಎತ್ತಿ ನೋಡಿದರು, ಆಗಲಿಲ್ಲ. ಕಬ್ಬಿಣದ ಕೋಟೆ ಹೋಯಿತು, ಅದರ ಜಾಗಕ್ಕೆ ಎಂಜಿನ್ನಿನ ಕೆಳಗೆ ಒಂದು ತೆಳು ತಗಡು ಮಾತ್ರ ಗುರುಗಳು ಉಳಿಸಿದರು. ಆಗಲಿಲ್ಲ. ಮೂರು ಲೈಟು ಹೋಯಿತು. ನನ್ನ ಸೈಲೆನ್ಸರ್ ಹೋಗಿ ಹಳೆಯದೇ ಬಂತು. ಹಸು ಮಾತ್ರ ಅವತ್ತು ನೆಮ್ಮದಿಯಾಗಿ ಮೆಲುಕು ಹಾಕಿತು.

ಮರಳ ಮೇಲೆ ನನ್ನ ಹದಿನೆಂಟು ದಿನ ರಾಶಿ ಬಿದ್ದಿತ್ತು. ಬಿಸಿಲು ಇಳಿಯುತ್ತಿತ್ತು. ಇನ್ನು ಬಿಚ್ಚಿದರೆ ಉಳಿಯುವುದು ಎರಡು ಚಕ್ರ ಮಾತ್ರ ಎಂದು ನಾನು ಕೂಗಿದೆ.

ಸಿದ್ದರಾಜಮ್ಮ ನನ್ನ ಕಡೆ ನೋಡಲಿಲ್ಲ. ಈ ಸಲ ಅವರು ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕುಳಿತರು. ಸೀಟಿಗೆ ಸೊಂಟ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ನಡೆದರು. ಗಾಡಿ ಅವರ ಬೆನ್ನಿನ ಜೊತೆಗೇ ಎದ್ದು ನಿಂತಿತು.

ಹೆರಿಗೆಯಾದವರನ್ನು ಒಬ್ಬಳೇ ಮಂಚಕ್ಕೆ ಏರಿಸಬೇಕಾದರೆ ಹೀಗೇ ಮಾಡೋದು ಎಂದರು, ಏದುಸಿರು ಬಿಡುತ್ತ.

ಮುಂದಿನ ಹತ್ತು ದಿನ ನಾನು ಬರೀ ಕೈಯಾಳು. ಹಾಕಿಸಿದ್ದ ಫೋಮನ್ನೂ, ಅದರ ಕೆಳಗಿದ್ದ ಮೂಲದ ಫೋಮಿನಲ್ಲಿ ಅರ್ಧವನ್ನೂ ಗುರುಗಳು ಕುಡುಗೋಲಿನಿಂದ ಸವರಿ ತೆಗೆದರು. ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಕ್ಲಾಂಪಿನಲ್ಲಿ ಎರಡು ಬೆರಳು ಮೇಲಕ್ಕೆ ಸರಿಸಿ ಗಾಡಿಯ ಮೂತಿ ತಗ್ಗಿಸಿ, ಹಿಂದೆಯೂ ಅಷ್ಟೇ ಇಳಿಸಿದರು. ಸಿದ್ದರಾಜಮ್ಮನವರ ಮುಂಗಾಲು ನೆಲಕ್ಕೆ ತಾಗಿತು. ಕಡಿದಾದ ಏರಿನಲ್ಲಿ ನಿಧಾನವಾಗಿ ಹತ್ತಲು ಹಿಂದಿನ ಚೈನ್ ಸ್ಪ್ರಾಕೆಟ್, ಅಂದರೆ ಹಲ್ಲುಚಕ್ರ, ದೊಡ್ಡದು ಹಾಕಿಸಿದರು. ಗೇರ್ ಹಾಕುವುದನ್ನು ಅವರೇ ಆಶ್ರಮದ ಅಂಗಳದಲ್ಲಿ ಹೇಳಿಕೊಟ್ಟರು. ಕಾವಿ ಪಂಚೆ ಎತ್ತಿ ಕಟ್ಟಿ, ಗಾಡಿಯ ಮೇಲೆ ಎದ್ದು ನಿಂತು, ಹ್ಯಾಂಡಲ್ಲಿಗೆ ಎರಡು ಬೆರಳು ಮಾತ್ರ ತಾಗಿಸಿ ಎಂಟು ಬರೆದು ತೋರಿಸಿದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ, ನೋಡಲಿಲ್ಲವೆನ್ನುವಂತೆ ತೊಗರಿಬೇಳೆ ಆರಿಸಿದೆ.

ಜೂನ್ ಮೊದಲ ವಾರ ಮೇಲೆಲ್ಲೋ ಮಳೆಯಾಗಿ ಹೊಳೆ ಮೊಣಕಾಲಿಗೆ ಬಂತು. ಇನ್ನೆರಡು ದಿನ ಕಳೆದರೆ ದಾಟಲಾಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಸಿದ್ದರಾಜಮ್ಮ ಬಂದರು. ಚೂಡಿದಾರ್, ತಲೆಗೆ ಹೆಲ್ಮೆಟ್ಟು. ಲಸಿಕೆಯ ಪೆಟ್ಟಿಗೆಯನ್ನು ಹಿಂದೆ ಹಳೇ ಟ್ಯೂಬಿನಿಂದ ಬಿಗಿದಿದ್ದರು. ಗುರುಗಳಿಗೆ ಕೈಮುಗಿದು ಗಾಡಿಯನ್ನು ನೀರಿಗೆ ಇಳಿಸಿಯೇಬಿಟ್ಟರು.

ಹೊಳೆಯ ನಡುವೆ ಮುಂದಿನ ಚಕ್ರ ಪಾಚಿಗಲ್ಲಿನ ಮೇಲೆ ಜಾರಿತು. ಗಾಡಿ ಓಲಾಡಿ ನಿಂತಿತು. ಅವರು ಎರಡೂ ಕಾಲು ಊರಿದ್ದರು. ನೀರು ಎಂಜಿನ್ನಿಗೆ ಬಡಿಯುತ್ತಿತ್ತು.

ನಾನು ಪಂಚೆ ಮೇಲೆ ಕಟ್ಟಿ ಧುಮುಕಲು ಹೊರಟೆ. ಗುರುಗಳ ಕೈ ನನ್ನ ರಟ್ಟೆ ಹಿಡಿಯಿತು. ಆ ಕೈಗೆ ಎಪ್ಪತ್ತು ವರ್ಷ ಎಂದು ಯಾರು ಹೇಳಿದ್ದು?

ಬಿಡಿ ಬುದ್ಧಿ, ಪೆಟ್ಟಿಗೆ ನೀರುಪಾಲಾಗುತ್ತದೆ, ಆ ಮಕ್ಕಳ ಗತಿಯೇನು ಎಂದು ಕಿರುಚಿದೆ. ಅವರು ಬಿಡಲಿಲ್ಲ.

ಸಿದ್ದರಾಜಮ್ಮ ಹಿಂತಿರುಗಿ ನಮ್ಮ ಕಡೆ ನೋಡಲಿಲ್ಲ. ನೀರು ಬರುವ ಕಡೆಗೆ ಇಳಿದು ನಿಂತರು. ಎಂಜಿನ್ ಆರಿಸದೆ ಒಂದನೇ ಗೇರಿನಲ್ಲೇ ಇಟ್ಟು, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತ, ಮತ್ತೆ ಹಿಡಿಯುತ್ತ, ಹಸುವನ್ನು ಮೂಗುದಾರ ಹಿಡಿದು ನಡೆಸುವಂತೆ ಗಾಡಿಯ ಪಕ್ಕದಲ್ಲೇ ನಡೆದರು. ಒಂದು ಕಲ್ಲು. ಇನ್ನೊಂದು ಕಲ್ಲು. ಆಚೆಯ ಮರಳು.

ಅದನ್ನು ನೀವು ಹೇಳಿಕೊಟ್ಟಿರೇ ಎಂದು ಕೇಳಿದೆ. ಇಲ್ಲವೆಂದು ಗುರುಗಳು ತಲೆಯಾಡಿಸಿದರು.

ಗಾಡಿ ಏರು ಹತ್ತುವ ಸದ್ದು ಕೇಳಿಸಿತು. ಎರಡನೇ ತಿರುವು, ಮೂರನೇ ತಿರುವು. ಆಮೇಲೆ ಬೆಟ್ಟ ಅದನ್ನು ನುಂಗಿತು. ಗುರುಗಳು ಆಗ ನನ್ನ ರಟ್ಟೆ ಬಿಟ್ಟರು. ಬೆರಳಿನ ಗುರುತು ಐದೂ ಕೆಂಪಗೆ ಮೂಡಿದ್ದವು.

ನಾನು ಅಲ್ಲೇ ಮರಳಿನ ಮೇಲೆ ಕುಳಿತೆ. ಇಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಆಡಿಬಿಟ್ಟೆ. ಗಾಡಿ ಹುಡುಕಿದವನು ನಾನು, ಕಟ್ಟಿದವನು ನಾನು, ಬಿಚ್ಚಿದವನೂ ನಾನೇ. ಕೊನೆಗೆ ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ಹೆಂಗಸು ನೀರಲ್ಲಿ ಸಿಕ್ಕಿಬಿದ್ದಾಗ ಕಟ್ಟಿಹಾಕಿದ ಕರುವಿನ ಹಾಗೆ ನಿಲ್ಲಬೇಕೇ? ಇದ್ಯಾವ ಗುರುತನ, ಇದ್ಯಾವ ಧರ್ಮ ಎಂದು ಕೇಳಿಯೇಬಿಟ್ಟೆ.

"ನಾನು ಹೋಗಿ ಒಂದು ಕೈ ಹಿಡಿದಿದ್ದರೆ ಏನು ಹೋಗುತ್ತಿತ್ತು ಬುದ್ಧಿ?"

ಗುರುಗಳು ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಮುಖ ತೊಳೆದುಕೊಂಡರು.

"ಇವತ್ತು ಏನೂ ಹೋಗುತ್ತಿರಲಿಲ್ಲ. ನಾಳೆಯಿಂದ ಆ ತಾಯಿ ನಿನ್ನ ದಾರಿ ಕಾಯಬೇಕಾಗುತ್ತಿತ್ತು."