ಎಡದಿಂದ ಬಂದ ಅಲೆ

"ಗುರುಗಳೇ, ಪ್ರಶ್ನೆ ಕೇಳಿದನೆಂಬ ಒಂದೇ ಕಾರಣಕ್ಕೆ ಉಪಾಧ್ಯಾಯರು ನನ್ನ ಗೆಳೆಯನನ್ನು ಪಾಠದ ನಡುವೆ ಎಬ್ಬಿಸಿ ಹೊರಗೆ ಕಳಿಸಿದರು. ನಾವೆಲ್ಲ ನೋಡುತ್ತಿದ್ದಂತೆಯೇ ಕಳಿಸಿದರು. ಇದು ನ್ಯಾಯವೇ?" ಎಂದು ಶಿಷ್ಯ ತಮ್ಮಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಡಲ ತೀರದ ಊರೊಂದರಲ್ಲಿ ಒಬ್ಬ ಕಯಾಕ್ ಶಿಕ್ಷಕನಿದ್ದ. ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ, ಒಳಗೆ ಹುದುಗಿ ಕೂರುವ ಕಿರಿದಾದ ದೋಣಿ. ಅದು ಮಗುಚಿದರೆ ಕೂತವರು ನೀರಿನಲ್ಲಿ ತಲೆಕೆಳಗಾಗುತ್ತಾರೆ. ಹುಟ್ಟನ್ನು ನೀರಿಗೆ ಒತ್ತಿ, ಸೊಂಟ ತಿರುಗಿಸಿ, ದೋಣಿಯ ಸಮೇತ ಮೇಲೇಳುವುದನ್ನು ಅವನು ಕಲಿಸುತ್ತಿದ್ದ. ಆದರೆ ಕಲಿಸುತ್ತಿದ್ದುದು ಅಲೆಯಿಲ್ಲದ ಕೊಳದಲ್ಲಿ. "ಯಾವಾಗಲೂ ಬಲಗಡೆಯಿಂದಲೇ ಏಳಬೇಕು. ದೋಣಿ ಬಿಟ್ಟು ಹೊರಗೆ ಬರುವವನು ಹೇಡಿ" ಎನ್ನುತ್ತಿದ್ದ.

ಕಲಿಯಲು ಬಂದಿದ್ದ ಮೀನುಗಾರರ ಹೆಂಗಸೊಬ್ಬಳು ಕೇಳಿದಳು: "ಮಾಸ್ತರೇ, ಕಡಲಿನಲ್ಲಿ ಅಲೆ ಎಡದಿಂದ ಬಂದು ಕೆಡವಿದರೆ? ಆಗಲೂ ಬಲಗಡೆಯಿಂದ ಏಳಲು ಹೋದರೆ ಅದು ಮತ್ತೆ ಅದುಮುವುದಿಲ್ಲವೆ?"

"ನೀನು ಕಲಿಯಲು ಬಂದೆಯೋ, ಕಲಿಸಲು ಬಂದೆಯೋ?" ಶಿಕ್ಷಕ ಅವಳ ಕೈಯಿಂದ ಹುಟ್ಟು ಕಿತ್ತುಕೊಂಡು ಹೊರಗೆ ಅಟ್ಟಿದ.

ಅವಮಾನದಿಂದ ಕುದಿಯುತ್ತ ಅವಳು ಒಂದು ಹಳೆಯ ಕಯಾಕ್ ಹೊಂದಿಸಿಕೊಂಡು ನೇರ ಕಡಲಿಗೇ ಇಳಿದಳು. ತಿಂಗಳುಗಟ್ಟಲೆ ಬಿದ್ದಳು, ಉಪ್ಪುನೀರು ಕುಡಿದಳು. ಮಗುಚಿದೊಡನೆ ಏಳಲು ಹೆಣಗಬಾರದು, ಮೈಯನ್ನು ದೋಣಿಗೆ ಒತ್ತಿ ಹಿಡಿದು ಅಲೆಯ ಮೊದಲ ಪೆಟ್ಟನ್ನು ದಾಟಗೊಡಬೇಕು, ಆಮೇಲೆ ಅಲೆ ಬಂದ ಕಡೆಗೇ ಹುಟ್ಟು ಚಾಚಿದರೆ ಅದೇ ನೀರು ಮೇಲೆತ್ತುತ್ತದೆ ಎಂಬುದು ಅವಳಿಗೆ ತಿಳಿಯಿತು.

ಇದಾದ ಕೆಲವು ದಿನಗಳಿಗೆ ಶಿಕ್ಷಕ ಕೊಳದಲ್ಲಿ ಕಲಿಯುತ್ತಿದ್ದ ತನ್ನ ಶಿಷ್ಯರನ್ನು ಮೊದಲ ಸಲ ಕಡಲಿಗೆ ಕರೆತಂದ. ಮುಂದೆ ಹೋದವನು ಒಬ್ಬ ಬಟ್ಟೆ ವ್ಯಾಪಾರಿ. ಎಡದಿಂದ ದೊಡ್ಡ ಅಲೆ ಬಂದು ಅವನ ದೋಣಿಯನ್ನು ಮಗುಚಿತು. ಅವನು ಬಲಗಡೆಯಿಂದ ಎದ್ದ. ಅಲೆ ಕೆಡವಿತು. ಮತ್ತೆ ಬಲಗಡೆಯಿಂದಲೇ ಎದ್ದ. ಮತ್ತೆ ಕೆಡವಿತು. ಮೂರನೆಯ ಸಲ ಹುಟ್ಟು ಮಾತ್ರ ತೇಲಿ ಬಂತು.

ದೂರದಿಂದ ಇದನ್ನು ಕಂಡ ಆ ಹೆಂಗಸು ಅಲೆಗಳ ನಡುವೆ ನುಗ್ಗಿದಳು. ಎರಡು ಸಲ ಮಗುಚಿ ಎದ್ದು, ಅವನನ್ನು ದಡಕ್ಕೆ ಎಳೆದು ತಂದಳು. ಅಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಶಿಕ್ಷಕ ಹೆಣದ ಪಕ್ಕದಲ್ಲಿ ನಿಂತು, "ಇವನದೇನೂ ತಪ್ಪಿಲ್ಲ. ನಾನು ಹೇಳಿದ ಹಾಗೆಯೇ ಮಾಡಿದ" ಎಂದ.

"ಬನ್ನಿ, ಈ ಮಾತನ್ನು ಇವನ ಹೆಂಡತಿಯ ಮುಂದೆ ಹೇಳಿ!" ಎಂದು ಹೆಂಗಸು ಅವನ ತೋಳು ಹಿಡಿದು ಜಗ್ಗಿದಳು. ಅವನು ತೋಳು ಬಿಡಿಸಿಕೊಂಡು ಹೊರಟುಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಎಂಥ ನೀಚ! ವ್ಯಾಪಾರಿಯನ್ನು ಕೊಂದವನು ಅವನೇ" ಎಂದ ತಮ್ಮಯ್ಯ.

"ಅವಳನ್ನು ಹೊರಗೆ ಅಟ್ಟಿದಾಗ ಕೊಳದ ದಡದಲ್ಲಿ ಇನ್ನೂ ಹತ್ತು ಜನ ಕುಳಿತಿದ್ದರು ತಮ್ಮಯ್ಯ, ಅವರಿಗೂ ಅದೇ ಸಂಶಯವಿತ್ತು, ಆದರೂ ಒಬ್ಬರೂ ಎದ್ದು ಕೇಳಲಿಲ್ಲ."